ಐದು ಕಿಲೋಮೀಟರ್ ದಾಟಿದ ಗಿರಿಜಜ್ಜಿ

ಫೆಬ್ರವರಿ ೯, ೨೦೨೧, ಮಂಗಳವಾರ. ಡನ್ ಲಿಯರಿ, ಐರ್ಲೆಂಡ್.

ಗಾಲ್ವೇಯಿಂದ ಬಂದ ಫೋನು ಇನ್ನೂ ತಲೆಯಿಂದ ಇಳಿದಿಲ್ಲ. ನಮ್ಮ ಕಾಮಿಕ್ಸ್ ಓದಿದ ಏಳು ವರ್ಷದ ಐಶು ನಿನ್ನೆಯಿಂದ ಅಳುತ್ತಿದ್ದಾಳಂತೆ. ಅದರಲ್ಲಿ ನಮ್ಮ ಗಿರಿಜಜ್ಜಿ ಸೆರಗು ಹರಡಿಕೊಂಡು ಇಲ್ಲಿಂದ ನೂರು ಕಿಲೋಮೀಟರ್ ದೂರದ ಕಿಲ್ಕೆನ್ನಿಗೆ ಹಾರುತ್ತಾಳೆ. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟಬಾರದಲ್ಲ, ಅಜ್ಜಿಯನ್ನು ಪೊಲೀಸರು ಹಿಡಿಯುತ್ತಾರೆಂದು ಮಗುವಿಗೆ ಭಯ. "ಏನಾದ್ರೂ ಮಾಡಿ, ಊಟಾನೇ ಮಾಡ್ತಿಲ್ಲ" ಎಂದರು ಅವಳ ತಾಯಿ.

ಎರಡು ವರ್ಷದ ಹಿಂದೆ ನಾನೂ ಗೆಳತಿ ವಂದನಾಳೂ ಅಡುಗೆಮನೆಯ ಮೇಜಿನ ಮೇಲೆ ಈ ಪ್ರಕಾಶನ ಶುರುಮಾಡಿದಾಗ ಪುಸ್ತಕಗಳನ್ನು ನೆಂಟರಿಗೆ ಬಲವಂತವಾಗಿ ಹಂಚಿದ್ದೆವು. ಶಾಲೆಗಳು ಮುಚ್ಚಿದ ಮೇಲೆ ಮಕ್ಕಳೇ ಕೇಳಿ ತರಿಸಿಕೊಳ್ಳತೊಡಗಿದರು. ಓದುಗರ ಮೇಲೆ ಪ್ರಭಾವ ಬೀರಬೇಕೆಂದು ಆಸೆಪಟ್ಟವರು ನಾವೇ.

ವೀಡಿಯೊ ಕಾಲಿನಲ್ಲಿ ವಂದನಾ, "ಮುಂದಿನ ಸಂಚಿಕೇಲಿ ಅಜ್ಜೀನ ಮನೇಲೇ ಕೂರಿಸೋಣ ಕಣೇ" ಎಂದಳು. ನಾನು ಒಪ್ಪುವುದರಲ್ಲಿದ್ದೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದು, ವಿಮಾನವಿಲ್ಲದೆ ವರ್ಷದಿಂದ ಇಲ್ಲೇ ಉಳಿದವರು. ಗಿರಿಜಜ್ಜಿಯ ಮೂಗು, ಮುಡಿ, ಮಾತು ಎಲ್ಲ ಅವರದೇ.

"ಆಸ್ಪತ್ರೆ ಕೆಲ್ಸಕ್ಕೆ ಹೋಗ್ತಾಳೆ ಅಂತ ಬರಿಯಮ್ಮ. ಪೊಲೀಸ್ನೋರು ಬಿಡ್ತಾರೆ."

ಐಶುಗೆ ಫೋನ್ ಮಾಡಿ ಹಾಗೆಯೇ ಹೇಳಿದೆ. "ಗ್ರ್ಯಾಂಡ್" ಎಂದಳು, ಸರಿ ಎನ್ನಲು ಇಲ್ಲಿಯವರು ಹೇಳುವಂತೆ. ಆಮೇಲೆ ಊಟಕ್ಕೆ ಎದ್ದಳಂತೆ.

ಮಲಗುವ ಮುನ್ನ ಅತ್ತೆ ಮತ್ತೆ ಬಂದರು. "ಮುಂದಿನ ಸಲ ಮೈಸೂರಿಗೆ ಹಾರಿಸು."

"ಅಲ್ಲಿಗೆ ಏನ್ ಕೆಲ್ಸ ಅಂತ ಬರೀಲಿ ಅತ್ತೆ?"

"ಮನೆಗೆ ಹೋಗೋಕೆ ಕೆಲ್ಸ ಯಾಕೆ ಬೇಕು?"

ನಾಳೆಯೇ ಕೂತು ಆ ಚಿತ್ರ ಬಿಡಿಸಬೇಕು. ದಾರಿಯಲ್ಲಿ ಸಮುದ್ರಗಳೇ ಎಷ್ಟೊಂದು, ನೀಲಿ ಬಣ್ಣ ಬೇರೆ ಮುಗಿಯುತ್ತಾ ಬಂದಿದೆ...