ಏಳನೇ ಪುಟದ ಮೂರನೇ ಸಾಲು

ಮಾನ್ಯ ವಿಪತ್ತು ನಿರ್ವಹಣಾಧಿಕಾರಿಗಳೇ,

ತಮ್ಮ ಕಚೇರಿಯ ‘ಸಾಕುನಾಯಿ: ಸುರಕ್ಷತೆ, ಚಟುವಟಿಕೆ, ಸಿದ್ಧತೆ’ ಎಂಬ ಕಿರುಹೊತ್ತಗೆಯ ಎರಡನೇ ಮುದ್ರಣದ ಪ್ರೂಫ್ ಮೊನ್ನೆ ನನ್ನ ಮೇಜಿಗೆ ಬಂದಿದೆ. ಏಳನೇ ಪುಟದ ಮೂರನೇ ಸಾಲು ಹಾಗೇ ಇದೆ: ‘ತುರ್ತು ಸಂದರ್ಭದಲ್ಲಿ ತಂಗುದಾಣಗಳಲ್ಲಿ ಸಾಕುನಾಯಿಗಳಿಗೆ ಪ್ರತ್ಯೇಕ ವ್ಯವಸ್ಥೆ ಇರುತ್ತದೆ.’ ಈ ವಾಕ್ಯದಲ್ಲಿ ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ತಪ್ಪೂ ಇಲ್ಲ. ಇದು ಬರೀ ಸುಳ್ಳು, ಅಷ್ಟೆ. ಒತ್ತಕ್ಷರ ಬಿಟ್ಟರೆ ಹಾಕಲು ಪ್ರೂಫ್ ನೋಡುವ ನಮಗೊಂದು ಗುರುತಿದೆ, ಅಕ್ಷರ ತಿರುಗುಮುರುಗಾದರೆ ಇನ್ನೊಂದು ಗುರುತಿದೆ. ಸುಳ್ಳಿಗೆ ಯಾವ ಗುರುತು ಹಾಕಬೇಕೆಂದು ಯಾರೂ ಕಲಿಸಿಲ್ಲ. ತಮಗೆ ನೇರವಾಗಿ ಬರೆದ ನಾಲ್ಕು ಪತ್ರಗಳು ತಮ್ಮ ಟಪಾಲು ವಿಭಾಗದಲ್ಲಿ ಸುಖನಿದ್ರೆಯಲ್ಲಿರುವುದರಿಂದ, ಐದನೆಯದನ್ನು ಊರೆಲ್ಲ ಓದಲೆಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಸರಕಾರಿ ಹೊತ್ತಗೆಗಳನ್ನು ಯಾರೂ ಓದುವುದಿಲ್ಲವೆಂದು ತಾವು ನಿಶ್ಚಿಂತೆಯಿಂದ ಇದ್ದಿರಬಹುದು. ನಾವಿಬ್ಬರು ಓದಿದೆವು. ನಾನು ಓದಿದ್ದು ಹೊಟ್ಟೆಪಾಡಿಗೆ. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಪ್ರೂಫ್ ನೋಡುವುದೇ ನನ್ನ ಕೆಲಸ. ಅಕ್ಕ ಅದೇ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ತಮ್ಮ ಹೊತ್ತಗೆಗೆ ಪಿನ್ನು ಹೊಡೆದವಳು. ಪಿನ್ನು ಓರೆಯಾಗಿ ರದ್ದಾದ ಒಂದು ಪ್ರತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದಳು. ಯಾಕೆಂದರೆ ಮನೆಯಲ್ಲಿ ದೊರೆ ಇದ್ದ. ಕ್ಷಮಿಸಬೇಕು, ಅದು ನಾಯಿಯ ಹೆಸರು. ಯಾವ ಅಧಿಕಾರಿಯನ್ನೂ ಉದ್ದೇಶಿಸಿದ್ದಲ್ಲ. ಕಂದು ಬಣ್ಣ, ಎಂಟು ವರ್ಷ, ಎಡಗಿವಿ ಜೋಲು. ಕುಕ್ಕರ್ ಶಿಳ್ಳೆ ಹೊಡೆದರೆ ಮಂಚದ ಕೆಳಗೆ ಸೇರಿಕೊಳ್ಳುವಷ್ಟು ಶೂರ.

ಅಕ್ಕನಿಗೆ ತಮ್ಮ ಮಾತೆಂದರೆ ವೇದವಾಕ್ಯವಾಯಿತು. ‘ದಿನಕ್ಕೆ ಎರಡು ಬಾರಿ ಅರ್ಧ ಗಂಟೆ ನಡೆಸಿ’ ಎಂದಿರಿ; ಮಂಡಿನೋವಿನಿಂದ ಮೆಟ್ಟಿಲಿಳಿಯಲು ಮುಖ ಕಿವುಚುತ್ತಿದ್ದವಳು ದೊರೆಯ ಹಿಂದೆ ಕಾಲುವೆಯ ಏರಿಯುದ್ದಕ್ಕೂ ನಡೆಯತೊಡಗಿದಳು. ನಾಲ್ಕು ತಿಂಗಳಲ್ಲಿ ನಾಯಿಯ ಬೊಜ್ಜು ಕರಗಿತು, ಅಕ್ಕನ ಮಂಡಿಯೂ ಹದಕ್ಕೆ ಬಂತು. ‘ತುರ್ತು ಚೀಲ ಸಿದ್ಧವಿರಲಿ’ ಎಂದಿರಿ. ಬಾಗಿಲ ಹಿಂದಿನ ಮೊಳೆಗೆ ಚೀಲ ಬಂದು ಕೂತಿತು. ಮೂರು ದಿನದ ತಿಂಡಿ, ನೀರಿನ ಬಾಟಲಿ, ತಟ್ಟೆ, ಲಸಿಕೆಯ ಚೀಟಿ, ‘ಒಡೆಯರ ಜೊತೆ ನಾಯಿ ಇರುವ ಭಾವಚಿತ್ರ’ ಎಲ್ಲವೂ ಅದರಲ್ಲಿದ್ದವು.

“ನನ್ನ ಆಧಾರಕ್ಕೆ ಒಂದು ಕಾಗದ ಇಲ್ಲ ಈ ಮನೇಲಿ, ನಾಯಿಗೆ ಫೈಲೇ ಇದೆಯಲ್ಲೇ!” ಎಂದು ರೇಗಿಸಿದ್ದೆ.

“ನೀನು ಕಳೆದುಹೋದ್ರೆ ವಿಳಾಸ ಹೇಳ್ತೀಯ. ಅದು ಹೇಳುತ್ತಾ?” ಎಂದಿದ್ದಳು.

‘ಗದ್ದಲದಲ್ಲೂ ನಿಂತ ಜಾಗ ಬಿಡದಂತೆ ತರಬೇತಿ ಕೊಡಿ’ ಎಂದೂ ಬರೆದಿದ್ದಿರಿ. ಅಕ್ಕ “ಇಲ್ಲೇ ಇರು” ಅನ್ನುವ ಎರಡು ಮಾತನ್ನು ಎರಡು ತಿಂಗಳು ಕಲಿಸಿದಳು. ಆಮೇಲೆ ಪಕ್ಕದ ಮನೆ ಬೆಕ್ಕು ಮೂಗಿನ ಮುಂದೆ ಹಾದುಹೋದರೂ ದೊರೆ ನಡುಗುತ್ತಾ ಕೂತಿರುತ್ತಿದ್ದನೇ ಹೊರತು ಏಳುತ್ತಿರಲಿಲ್ಲ.

ನಮ್ಮ ಬೀದಿಯ ಕೊನೆಯ ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯ ಸೋರಿದ ದಿನ ತಮಗೆ ನೆನಪಿರಬೇಕು. ಮರುದಿನದ ಪತ್ರಿಕೆಯಲ್ಲಿ ತಮ್ಮ ಚಿತ್ರವಿತ್ತು. ಭಾನುವಾರ ಬೆಳಗ್ಗೆ ಹನ್ನೊಂದರ ಹೊತ್ತು. ಕಣ್ಣಿಗೆ ಈರುಳ್ಳಿ ಹಿಂಡಿದ ಹಾಗಾಯಿತು. ಮೈಕಿನ ಗಾಡಿ ಬಂದು ಹೊರಡಿ ಎಂದಿತು. ನಾವು ಚೀಲ ಎತ್ತಿಕೊಂಡು, ಒದ್ದೆ ಬಟ್ಟೆ ಮುಖಕ್ಕೆ ಹಿಡಿದು, ದೊರೆಯ ಪಟ್ಟಿ ಬಿಗಿದು ಐದೇ ನಿಮಿಷದಲ್ಲಿ ಬೀದಿಯಲ್ಲಿದ್ದೆವು. ತಮ್ಮ ಹೊತ್ತಗೆಯನ್ನು ಅಷ್ಟು ಚಾಚೂ ತಪ್ಪದೆ ಪಾಲಿಸಿದ ಕುಟುಂಬ ಇನ್ನೊಂದಿದ್ದರೆ ತೋರಿಸಿ.

ತಂಗುದಾಣವೆಂದರೆ ಒಂದು ಶಾಲೆ. ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ. “ನಾಯಿ ಒಳಗೆ ಬಿಡೋ ಹಾಗಿಲ್ಲಮ್ಮ.”

ಅಕ್ಕ ಚೀಲದಿಂದ ಹೊತ್ತಗೆ ತೆಗೆದು ಏಳನೇ ಪುಟ ತೋರಿಸಿದಳು. ಆತ ಪಾಪ, ಕಣ್ಣು ಕಿರಿದು ಮಾಡಿ ಪೂರ್ತಿ ಓದಿದ. “ಬರೆದಿರೋದು ನಿಜ ಅಮ್ಮ. ಆದ್ರೆ ನಂಗೆ ಯಾರೂ ಹೇಳಿಲ್ವಲ್ಲ.”

“ಹಾಗಾದ್ರೆ ನಾನೂ ಹೊರಗೇ ಇರ್ತೀನಿ” ಎಂದಳು ಅಕ್ಕ. ಎಂದವಳೇ ಕೆಮ್ಮತೊಡಗಿದಳು. ಅಮೋನಿಯದ ಗಾಳಿ ಅವಳ ಎದೆಯೊಳಗೆ ಹೊಕ್ಕಿತ್ತು. ತುಟಿ ನೀಲಿಗೆ ತಿರುಗುತ್ತಿತ್ತು. ಒಳಗಿಂದ ನರ್ಸ್ ಓಡಿಬಂದು, “ಇವರಿಗೆ ಈಗ್ಲೇ ಆಕ್ಸಿಜನ್ ಬೇಕು, ಹಿಡ್ಕೊಳ್ಳಿ ಆ ಕಡೆ!” ಎಂದು ನನಗೆ ಗದರಿದಳು. “ನಾಯಿ ಕಟ್ಟಿ ಹೋಗಿ, ನಾನು ನೋಡ್ಕೋತೀನಿ” ಎಂದ ಕಾವಲುಗಾರ. ಬೇಲಿಗೆ ಕಟ್ಟಿದೆ. ಅಕ್ಕ ಆ ಕೆಮ್ಮಿನ ನಡುವೆಯೇ ತಿರುಗಿ, “ಇಲ್ಲೇ ಇರು” ಎಂದಳು. ದೊರೆ ಕೂತ.

ನಲವತ್ತು ನಿಮಿಷದ ಮೇಲೆ ಹೊರಬಂದೆ. ಬೇಲಿಯಲ್ಲಿ ಪಟ್ಟಿಯ ತುಂಡಷ್ಟೇ ನೇತಾಡುತ್ತಿತ್ತು. ಕಾವಲಿನ ಪಾಳಿ ಬದಲಾಗಿತ್ತು. ಹೊಸಬ ಹೇಳಿದ: “ಸಾಹೇಬ್ರು ನೋಡೋಕೆ ಬರ್ತಾರೆ ಅಂತ ಗೇಟು ಖಾಲಿ ಮಾಡ್ಸಿದ್ರು. ನಾಯಿ ಹಿಡಿಯೋ ಗಾಡಿ ಬಂದಿತ್ತು. ಒಂದು ಕಂದು ನಾಯಿ... ಗಲಾಟೆ ಏನೂ ಮಾಡ್ಲಿಲ್ಲ ಸಾರ್. ಸುಮ್ನೆ ಕೂತಿತ್ತು.”

ಗಾಡಿ ಯಾರದು? ಇದು ಐವತ್ಮೂರು ದಿನಗಳಿಂದ ನಾನು ಕೇಳುತ್ತಿರುವ ಪ್ರಶ್ನೆ. ನಗರಸಭೆಯ ನಾಯಿಮನೆಗೆ ಹನ್ನೊಂದು ಬಾರಿ ಹೋಗಿದ್ದೇನೆ. ಪ್ರತಿ ಸಲವೂ ಎಲ್ಲ ಗೂಡುಗಳ ಮುಂದೆ ನಿಂತು ಹೆಸರು ಹಿಡಿದು ಕರೆದಿದ್ದೇನೆ. ಅವುಗಳದಲ್ಲದ ಹೆಸರಿಗೆ ಎಷ್ಟೋ ನಾಯಿಗಳು ಬಾಲ ಅಲ್ಲಾಡಿಸಿದವು. ಆ ದಿನ ಯಾವ ನಾಯಿಯೂ ಬಂದ ದಾಖಲೆ ಇಲ್ಲ ಎನ್ನುತ್ತಾರೆ ಅವರು. ಗಾಡಿ ತರಿಸಿದ್ದು ವಿಪತ್ತು ಕಚೇರಿ ಎನ್ನುತ್ತಾರೆ. ತಮ್ಮ ಕಚೇರಿಯೋ, ಗಾಡಿ ನಗರಸಭೆಯದು ಎನ್ನುತ್ತದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡನೆಂದು ನಗಬೇಡಿ, ಗುದ್ದಲು ನನಗೆ ಇನ್ನೇನು ಬಿಟ್ಟಿದ್ದೀರಿ?

ತಮ್ಮ ಗುಮಾಸ್ತರಿಗೆ ಏಳನೇ ಪುಟ ತೋರಿಸಿದೆ. ಅವರು ಪುಟವನ್ನು ನನ್ನ ಕಡೆಗೇ ತಿರುಗಿಸಿ, “ಪ್ರಿಂಟಿಂಗ್ ಮಿಸ್ಟೇಕ್ ಇರ್ಬೇಕು ಬಿಡಿ ಸಾರ್” ಎಂದರು.

ಮಾನ್ಯರೇ, ಆ ಹೊತ್ತಗೆಯ ಪ್ರೂಫನ್ನು ಮೂರು ಬಾರಿ ನೋಡಿದವನು ನಾನು. ತಮ್ಮ ಸಹಿಯಿದ್ದ ಹಸ್ತಪ್ರತಿಯಲ್ಲೂ ಅದೇ ಸಾಲಿದೆ, ಅಕ್ಷರ ಅಕ್ಷರ ಅದೇ. ಅದು ಅಚ್ಚಿನ ದೋಷವಲ್ಲ. ಆದರೂ ಆ ಮಾತು ಕೇಳಿ ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ‘ಇರುತ್ತದೆ’ ಎಂಬ ಪದದ ಎದುರು ‘ಎಲ್ಲಿ?’ ಎಂದು ಅಂಚಿನಲ್ಲಿ ಬರೆಯಲು ನನಗೆ ಜಾಗವಿತ್ತು, ಪೆನ್ಸಿಲೂ ಇತ್ತು. ಬರೆಯಲಿಲ್ಲ. ಪ್ರೂಫ್ ನೋಡುವವನು ಅರ್ಥದ ತಂಟೆಗೆ ಹೋಗಬಾರದೆಂದು ನಮ್ಮ ಕಡೆ ಒಂದು ಪಾಠವಿದೆ.

ಅಕ್ಕನ ಎದೆ ಸುಧಾರಿಸಿದೆ. ಕಾಲುವೆಯ ಏರಿಗೆ ಮಾತ್ರ ಹೋಗುವುದಿಲ್ಲ. ಮಂಡಿ ಮತ್ತೆ ಹಿಡಿದುಕೊಂಡಿದೆ. ಮೊನ್ನೆ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಕೇಳಿದಳು: “ನಾನದಕ್ಕೆ ಏನೂ ಕಲಿಸ್ದೆ ಇದ್ದಿದ್ರೆ, ಆ ಗಾಡಿಯವ್ರನ್ನ ಕಚ್ಚಿ ಓಡಿಹೋಗ್ತಿತ್ತು, ಅಲ್ವೇನೋ?”

ಇದಕ್ಕೆ ತಮ್ಮ ಬಳಿ ಉತ್ತರ ಇದ್ದರೆ ಅವಳಿಗೆ ಬರೆದು ತಿಳಿಸಿ.

ನಾನು ಬೇಡುವುದು ಪರಿಹಾರವಲ್ಲ, ವಿಚಾರಣಾ ಸಮಿತಿಯೂ ಅಲ್ಲ. ಆ ದಿನ ಮಧ್ಯಾಹ್ನ ಶಾಲೆಯ ಗೇಟಿನಿಂದ ಹೊರಟ ಗಾಡಿ ಎಲ್ಲಿ ಹೋಗಿ ಬಾಗಿಲು ತೆರೆಯಿತು ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ. ನಾಯಿ ಬದುಕಿದ್ದರೆ ಬದುಕಿದೆ ಎನ್ನಿ, ಸತ್ತಿದ್ದರೆ ಸತ್ತಿದೆ ಎನ್ನಿ. ಶಾಲೆಯ ಹಿಂದಿನ ಸೈಕಲ್ ಶೆಡ್ಡನ್ನು ನಾಯಿಗಳಿಗೆಂದು ಬಿಡಿಸಿ, ಕಾವಲುಗಾರನಿಗೆ ಆ ಮಾತು ತಿಳಿಸಿ. ಅದಾಗದಿದ್ದರೆ ಆ ಸಾಲನ್ನು ಹೊಡೆದುಹಾಕಲು ಅಪ್ಪಣೆ ಕೊಡಿ. ಸೋಮವಾರ ಹೊತ್ತಗೆ ಅಚ್ಚಿಗೆ ಹೋಗುತ್ತದೆ. ಪ್ರೂಫಿಗೆ ನಾನು ಸಹಿ ಹಾಕದಿದ್ದರೆ ಪಕ್ಕದ ಮೇಜಿನವರು ಹಾಕುತ್ತಾರೆ, ಅದೂ ನನಗೆ ಗೊತ್ತು.

ಇಂತಿ,
ಒತ್ತು, ದೀರ್ಘ, ಕೊಂಬುಗಳನ್ನಷ್ಟೇ ಸರಿಪಡಿಸಬಲ್ಲ,
ತಮ್ಮ ಹೊತ್ತಗೆಯ ವಿಧೇಯ ಓದುಗ