ಬಾಳೆಕಂಬದ ಪಕ್ಕದ ಜಾಗ

ಕಾರೇಕುಂಟೆ, ಸೂಲಿಬೆಲೆ ಹೋಬಳಿ
೨೫-೯-೧೯೪೪, ದುರ್ಗಾಷ್ಟಮಿ

ಪ್ರೀತಿಯ ಯಜಮಾನರಿಗೆ, ನಿಮ್ಮ ಅಕ್ಕಯಮ್ಮ ಮಾಡುವ ನಮಸ್ಕಾರ.

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದೆಯೇ? ಬರ್ಮಾ ಕಡೆ ಬಿಡದೆ ಮಳೆ ಹೊಡೆಯುತ್ತದಂತೆ, ಬೂಟಿನೊಳಗೇ ಕಾಲು ಕೊಳೆಯುತ್ತದಂತೆ. ರಜೆಯ ಮೇಲೆ ಬಂದಿದ್ದ ಸಿಪಾಯಿ ಸಂಜೀವಪ್ಪ ಹೇಳಿ ಹೋದ. ಹೇಳದೆ ಇದ್ದಿದ್ದರೆ ಅವನ ಗಂಟೇನು ಹೋಗುತ್ತಿತ್ತೋ! ಅಂದಿನಿಂದ ಇಲ್ಲಿ ನಾಲ್ಕು ಹನಿ ಬಿದ್ದರೂ ಅತ್ತೆ ನಿಮ್ಮ ಕಾಲನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಸಂಕ್ರಾಂತಿಗೆ ಬಂದದ್ದೇ ನಿಮ್ಮ ಕೊನೆಯ ಕಾಗದ. ಆಮೇಲೆ ನಾನು ಬರೆದ ಒಂದಕ್ಕೂ ಉತ್ತರವಿಲ್ಲ. ಮೊದಲೆಲ್ಲ ಟಪಾಲಿನವನು ಬೀದಿಯ ತುದಿಯಲ್ಲಿ ಕಂಡರೆ ಓಡಿ ಬಾಗಿಲಿಗೆ ಬರುತ್ತಿದ್ದೆ. ಈಗ ಅವನನ್ನು ಕಂಡರೆ ಒಳಗೆ ಹೋಗಿ ನಿಲ್ಲುತ್ತೇನೆ, ತಂತಿ ತಂದಿದ್ದರೆ ಎಂಬ ಹೆದರಿಕೆ. ನಾವು ಮೂವರೂ ಆರೋಗ್ಯವಾಗಿದ್ದೇವೆ. ಕೆಂದ ಹಸು ಕರು ಹಾಕಿದೆ. ಕರೆದರೆ ಬರುವುದಿಲ್ಲ, ಬೇಡವೆಂದರೆ ಮೈಮೇಲೆ ಬೀಳುತ್ತದೆ. ಯಾರ ಹಾಗೆ ಎಂದು ಬರೆಯುವುದಿಲ್ಲ.

ನಾಡಿದ್ದು ವಿಜಯದಶಮಿ, ನಮ್ಮ ಮನೆಯವರು ಅಂಬು ಹೊಡೆಯುವ ದಿನ. ನಿಮಗೆ ಗೊತ್ತಿಲ್ಲದ್ದೇನಲ್ಲ, ಆದರೂ ನನ್ನ ಸಂಕಟ ಹೊರಗೆ ಬರಬೇಕಾದರೆ ಮೊದಲಿಂದಲೇ ಹೇಳಬೇಕು. ಮಾವ ಕೆರೆ ಏರಿಯ ಮೇಲೆ ನಿಂತು, ಕೂಗಿದರೆ ಮಾತು ತಿಳಿಯದಷ್ಟು ದೂರದ ಬಯಲಿನಲ್ಲಿ ನೆಟ್ಟ ಬಾಳೆಕಂಬಕ್ಕೆ ಬಾಣ ಬಿಡಬೇಕು. ಕಂಬದ ಪಕ್ಕ ನಿಂತು, ತಗುಲಿದ ಬಾಣ ಕಿತ್ತು ಎತ್ತಿ ತೋರಿಸುವುದು ಮನೆಮಗನ ಕೆಲಸ. ಮಗ ಊರಲ್ಲಿಲ್ಲದಿದ್ದರೆ ಅವನ ವಲ್ಲಿಬಟ್ಟೆ ಹೆಗಲಿಗೆ ಹಾಕಿಕೊಂಡು ಮನೆಯವರೊಬ್ಬರು ಅಲ್ಲಿ ನಿಲ್ಲಬೇಕು. ಜಾಗ ಖಾಲಿ ಬಿಟ್ಟರೆ ಆ ಮಗ ಇನ್ನಿಲ್ಲ ಎಂದು ಮನೆಯವರೇ ಒಪ್ಪಿಕೊಂಡ ಹಾಗೆ. ಹಿಂದಿನ ಯುದ್ಧಕ್ಕೆ ಹೋಗಿದ್ದ ನಿಮ್ಮ ದೊಡ್ಡಪ್ಪನ ಜಾಗ ಹಾಗೆ ಖಾಲಿ ಬಿಟ್ಟಿದ್ದರಂತೆ, ಅವರು ತಿರುಗಿ ಬರಲೇ ಇಲ್ಲವಂತೆ. ಅತ್ತೆ ಇದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಹೋದ ವರ್ಷ ನಾನು ನಿಂತೆ, ಸಂಕ್ರಾಂತಿಗೆ ನಿಮ್ಮ ಕಾಗದ ಬಂತು. "ನೋಡಿದ್ಯಾ, ನೀನು ನಿಂತಿದ್ದಕ್ಕೇ ಬಂತು ಕಣೆ" ಎಂದರು. ನಾನೂ ನಂಬಿಬಿಟ್ಟಿದ್ದೇನೆ ರೀ. ನಾಲ್ಕನೇ ಕ್ಲಾಸು ಓದಿದವಳು ಇದನ್ನೆಲ್ಲ ನಂಬುವುದೇ ಎಂದು ನೀವು ನಗಬಹುದು. ನಗಿ. ನಗುವುದಕ್ಕಾದರೂ ಬನ್ನಿ.

ಹೋದ ವರ್ಷ ನಿಮಗೆ ಬರೆಯದಿದ್ದದ್ದು ಒಂದಿದೆ. ಆ ಬಾಣ ನನ್ನ ಸೆರಗನ್ನು ಸೀಳಿಕೊಂಡು ಹೋಗಿ ಕಂಬದ ಅಂಚಿಗೆ ಕಚ್ಚಿತು. ಊರವರು ತಗುಲಿತು ತಗುಲಿತು ಎಂದು ಕುಣಿದರು. ನಾನು ಹರಿದ ಸೆರಗನ್ನು ಮುದುರಿಕೊಂಡೇ ಬಾಣ ಕಿತ್ತು ಎತ್ತಿ ತೋರಿಸಿದೆ. ಈ ವರ್ಷ ಮಾವ ಗೌರಿ ಹಬ್ಬ ಕಳೆದಂದಿನಿಂದ ಅಭ್ಯಾಸ ಮಾಡುತ್ತಿದ್ದಾರೆ. ಹಿತ್ತಲ ಹುಲ್ಲಿನ ಮೆದೆಗೆ ಹೊಡೆದರೆ ಎಲ್ಲ ಬಾಣವೂ ಅಂಗೈಯಗಲದಲ್ಲಿ ಕೂರುತ್ತವೆ. ಏರಿಯ ಮೇಲಿಂದ ಬಿಟ್ಟರೆ ಮಾತ್ರ ಅರ್ಧ ದಾರಿಯವರೆಗೆ ಸರಿಯಾಗಿ ಹೋಗಿ, ಆಮೇಲೆ ಬಾಲ ಅಲ್ಲಾಡಿಸಲು ಶುರುಮಾಡಿ, ಒಂದು ಎಡಕ್ಕೆ ಒಂದು ಬಲಕ್ಕೆ ಬೀಳುತ್ತಿದ್ದವು. ಒಂದೇ ಕಡೆಗೆ ಬೀಳುವಂತಿದ್ದರೆ ನಾನು ಇನ್ನೊಂದು ಕಡೆ ನಿಲ್ಲಬಹುದಿತ್ತಲ್ಲ! "ಗಾಳಿ ಕಣಮ್ಮಾ, ಗಾಳಿ" ಎಂದರು ಮಾವ. ಎಲೆಯೂ ಅಲುಗದ ದಿನವೂ ಗಾಳಿ ಎಂದೇ ಹೇಳಿದರು.

ಪಕ್ಕದಲ್ಲಿ ನಿಲ್ಲುವವಳು ನಾನಾದ್ದರಿಂದ ನಿಮ್ಮಪ್ಪನ ಬಾಣದ ಮೇಲೆ ನನಗಿರುವ ಕಾಳಜಿ ಊರಲ್ಲಿ ಇನ್ನಾರಿಗೂ ಇರಲಾರದು. ಬಿಲ್ಲಿನ ಹೆದೆ ಏರಿಯ ತಂಪಿಗೆ ಸಡಿಲವಾಗುತ್ತದೇನೋ ಎಂದು ಒಣಗಿಸಿ ಜೇನುಮೇಣ ಸವರಿದೆ. ಬಾಣದ ಕಡ್ಡಿಗಳನ್ನು ನೆಲದ ಮೇಲೆ ಉರುಳಿಸಿ ನೋಡಿ, ಸೊಟ್ಟಗಿದ್ದವನ್ನು ಕೆಂಡಕ್ಕೆ ಕಾಯಿಸಿ ನೆಟ್ಟಗೆ ಮಾಡಿದೆ. ಮೊನೆಗಳನ್ನು ಬಿಚ್ಚಿ ಒಂದಕ್ಕೊಂದು ತೂಗಿದೆ. ಏನು ಮಾಡಿದರೂ ಅದೇ ಹಾಡು. ಕೊನೆಗೆ ಸೂರಿನಲ್ಲಿ ನೀವು ಸಿಕ್ಕಿಸಿ ಹೋಗಿದ್ದ ಹಳೆಯ ಬಾಣ ಕೈಗೆ ಬಂತು. ಅದರ ಗರಿಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ಮಾವನ ಬಾಣಗಳಲ್ಲಿ ಒಂದು ಗರಿ ಆ ಕಡೆಗೆ, ಒಂದು ಈ ಕಡೆಗೆ, ಎರಡು ಎತ್ತುಗಳನ್ನು ಎದುರುಬದುರಾಗಿ ನೊಗಕ್ಕೆ ಕಟ್ಟಿದ ಹಾಗೆ. ನೀವು ಒಂದೇ ರೆಕ್ಕೆಯ ಗರಿ ಆರಿಸಿ ಕಟ್ಟುತ್ತಿದ್ದಿರಿ. ಅದನ್ನು ಒಬ್ಬರಿಗಾದರೂ ಹೇಳಿ ಹೋಗಬಾರದಿತ್ತೇ, ಮಹಾರಾಯರೇ?

ನೀವು ಹೋದ ಮೇಲೆ, ಮಾರಮ್ಮನಿಗೆ ಬಲಿಕೊಟ್ಟ ಹುಂಜದ ಗರಿಯನ್ನು ಬಾಣಕ್ಕೆ ಆರಿಸುವವರು ಅತ್ತೆ. ಅವರು ಎರಡೂ ರೆಕ್ಕೆಯಿಂದ ಸಮವಾಗಿ ಕಿತ್ತು, ಪ್ರತಿ ಬಾಣಕ್ಕೂ ಎರಡನ್ನೂ ಸೇರಿಸಿ ಕೊಡುತ್ತಿದ್ದರು. ಒಂದೇ ರೆಕ್ಕೆಯದು ಸಾಕು ಎಂದೆ. "ಒಂದೇ ಕಡೆ ಕಿತ್ರೆ ಅಮ್ಮನಿಗೆ ಅರ್ಧ ಕೋಳಿ ಕೊಟ್ಟಂಗಾಗುತ್ತೆ ಕಣೆ, ಅಲ್ಲಿರೋ ನನ್ನ ಮಗನಿಗೆ ಹೆಚ್ಚುಕಮ್ಮಿ ಆದ್ರೆ?" ಎಂದು ಅತ್ತೇಬಿಟ್ಟರು. ನಾನೂ ಅತ್ತುಬಿಟ್ಟೆ. ಆಮೇಲೆ ಇಬ್ಬರೂ ಕೂತು ಯೋಚಿಸಿ, ಎಡರೆಕ್ಕೆಯದೆಲ್ಲ ಕೆಲವು ಬಾಣಗಳಿಗೆ, ಬಲರೆಕ್ಕೆಯದೆಲ್ಲ ಉಳಿದವಕ್ಕೆ ಕಟ್ಟಿದೆವು. ಅಮ್ಮನಿಗೆ ಕೋಳಿಯೂ ಪೂರ್ತಿಯಾಯಿತು. ಮಾವ ಹೊಸಕೋಟೆ ಸಂತೆಗೆ ಹೋದ ದಿನ ಅತ್ತೆಯನ್ನು ಕಾವಲಿಗೆ ನಿಲ್ಲಿಸಿ, ಏರಿಯ ಮೇಲಿಂದ ನಾನೇ ಬಿಟ್ಟು ನೋಡಿದೆ. ಮದುವೆಯ ಹೊಸದರಲ್ಲಿ ನೀವು ಹಿತ್ತಲಲ್ಲಿ ಕೈಹಿಡಿದು ಕಲಿಸಿದ್ದು ಮರೆತಿರಲಿಲ್ಲ. ಬಾಣಗಳು ಒಂದೂ ಬಾಲ ಅಲ್ಲಾಡಿಸದೆ ಹೋಗಿ ಕಂಬಕ್ಕೆ ನಾಟಿದವು. ಸಂತೆಯಿಂದ ಬಂದ ಮಾವ ಬಿಟ್ಟಾಗಲೂ ಹಾಗೆಯೇ. ಅಂದು ನಾನು ಹೊಟ್ಟೆ ತುಂಬ ಉಂಡೆ.

ಆದರೆ ನಿನ್ನೆ, ಎಲ್ಲ ಸರಿಹೋಯಿತಲ್ಲ ಎಂದು, ನಿಮ್ಮ ವಲ್ಲಿ ಹೊದ್ದು ಕಂಬದ ಪಕ್ಕ ನಿಂತೆ. ಮಾವ ಬಿಟ್ಟ ಬಾಣ ನನಗೆ ತೀರಾ ದೂರದಲ್ಲಿ, ಕಂಬದ ಆಚೆ ರಾಗಿ ಹೊಲಕ್ಕೆ ಬಿತ್ತು. ಎರಡನೆಯದೂ ಅಲ್ಲಿಗೇ. ಮೂರನೆಯದೂ. ನಾನು ಪಕ್ಕಕ್ಕೆ ಸರಿದೆ, ಬಾಣ ಕಂಬಕ್ಕೆ ನಾಟಿತು. ಈಗ ತಪ್ಪು ಬಾಣದ್ದಲ್ಲ ರೀ. ಹೋದ ವರ್ಷ ಸೆರಗು ಹರಿದದ್ದನ್ನು ಅವರೂ ನೋಡಿದ್ದಾರೆ. ನಾನು ನಿಂತರೆ ಬಾಣ ಕಂಬಕ್ಕೆ ಹೋಗುವುದಿಲ್ಲ, ನಿಲ್ಲದಿದ್ದರೆ ನಿಮ್ಮ ಜಾಗ ಖಾಲಿ. ಗುರಿ ತಪ್ಪಿದರೂ ಕೆಡುಕು, ಜಾಗ ಬಿಟ್ಟರೂ ಕೆಡುಕು. ಮಾವ ರಾತ್ರಿ ಊಟಕ್ಕೆ ಏಳಲಿಲ್ಲ. ಬಾಣ ಸೊಟ್ಟಗಿದ್ದರೆ ಕೆಂಡಕ್ಕೆ ಹಿಡಿಯಬಹುದು, ಹೆದರಿದ ಮನುಷ್ಯನಿಗೆ ಏನು ಮಾಡುವುದೋ ನನಗೆ ತೋಚುತ್ತಿಲ್ಲ.

ಅತ್ತೆ ನಿಮ್ಮ ತಲೆ ನೇವರಿಸಿದೆನೆಂದು ಬರೆ ಎಂದರು, ಬರೆದಿದ್ದೇನೆ. ಮಾವನ ಆಶೀರ್ವಾದ ಕೇಳದೆಯೂ ಇದೆ. ಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ.

ಇತಿ ನಿಮ್ಮವಳೇ ಆದ,
ಅಕ್ಕಯಮ್ಮ

ಮತ್ತೆ ಬರೆದದ್ದು, ಆಯುಧಪೂಜೆಯ ಬೆಳಿಗ್ಗೆ: ಟಪಾಲಿಗೆ ಕೊಡಲು ಹೊರಟವಳು ತಿರುಗಿ ಬಿಡಿಸಿದ್ದೇನೆ. ಮಾವ ಪೂಜೆಗಿಟ್ಟ ಬಿಲ್ಲನ್ನು ಎತ್ತಿ ತಂದು ನನ್ನ ಕೈಗೆ ಕೊಟ್ಟರು. ಸಂತೆಯ ದಿನದ ಸಂಗತಿಯನ್ನು ಅತ್ತೆ ಹೇಳಿಬಿಟ್ಟಿದ್ದಾರೆ. "ನನ್ ಕೈ ನಂಬೋ ಹಂಗಿಲ್ಲ ತಾಯಿ. ನಾಳೆ ನೀನು ಹೊಡಿ. ನನ್ ಮಗನ ಜಾಗದಲ್ಲಿ ನಾನು ನಿಲ್ತೀನಿ" ಎಂದರು. ನಿಮ್ಮ ವಲ್ಲಿ ಈಗಲೇ ಅವರ ಹೆಗಲ ಮೇಲಿದೆ. ನಾನು ಬಿಲ್ಲು ತೆಗೆದುಕೊಂಡು ಹೆದೆಗೆ ಮತ್ತೊಮ್ಮೆ ಮೇಣ ಸವರಿದೆ. ಇಷ್ಟು ದಿನ ಬಾಣಕ್ಕೆ ಹೆದರಿದ್ದೆ, ಈಗ ನನ್ನ ಕೈಗೇ ಹೆದರುತ್ತಿದ್ದೇನೆ. ಈ ಕಾಗದ ನಿಮ್ಮನ್ನು ಮುಟ್ಟುವ ಹೊತ್ತಿಗೆ ನಾನು ಬಾಣ ಬಿಟ್ಟಾಗಿರುತ್ತದೆ. ಬದುಕಿದ್ದೇನೆ ಎಂದು ಒಂದೇ ಒಂದು ಸಾಲು ಬರೆಯಿರಿ. ಅದನ್ನು ನಾನೇ ಊರಿಗೆಲ್ಲ ಓದಿ ಹೇಳಿ, ಬರುವ ವರ್ಷ ಕಂಬದ ಪಕ್ಕ ಯಾರನ್ನೂ ನಿಲ್ಲಿಸಬೇಡಿರೆನ್ನುತ್ತೇನೆ.