ಅಳಿಸಲು ಹೇಳಿದ ರಂಗೋಲಿ

ಮೇ ೧೬, ೨೦೨೬, ಶನಿವಾರ. ನೋವೈ, ಅಮೆರಿಕ

ಶ್ರೀಲತಾಳ ಮಾತು ಇನ್ನೂ ಕಿವಿಯಲ್ಲೇ ಇದೆ. ಮನೆ ಮಾರಿಸುವ ಏಜೆಂಟ್ ಅವಳು, ಮೈಸೂರಿನವಳು. ಬಾಗಿಲಲ್ಲೇ ಶುರು ಮಾಡಿದಳು: “ಈ ರಂಗೋಲಿ ಅಳಿಸ್ಬಿಡಿ. ದೇವರ ಮನೆ ಕ್ಲಾಸೆಟ್ ಥರ ಕಾಣ್ಬೇಕು. ಇಲ್ಲಿ ಯಾರಿದಾರೆ ಅಂತ ಮನೆ ನೋಡೋಕೆ ಬಂದವ್ರಿಗೆ ಗೊತ್ತಾಗ್ಬಾರ್ದು.”

ನಾನಿದ್ದೇನೆ, ತಾಯಿ!

ತಪ್ಪು ನಮ್ಮದೇ. ಐದು ವರ್ಷದ ಹಿಂದೆ ಎಲ್ಲರೂ ಮುಗಿಬಿದ್ದು ಮನೆ ಕೊಳ್ಳುವಾಗ ನಾವೂ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟೆವು. ಸಾಲವೋ, ಐದು ವರ್ಷ ಅಗ್ಗದ ಬಡ್ಡಿ, ಆಮೇಲೆ ಮಾರುಕಟ್ಟೆ ಹೇಳಿದಷ್ಟು. “ಅಷ್ಟರಾಗ ಹುಬ್ಬಳ್ಳಿಗೆ ಹೋಗೇಬಿಡ್ತೀವಲ್ಲ” ಎಂದಿದ್ದ ನನ್ನ ಗಂಡ ವೀರೇಶ. ಇಲ್ಲಿಗೆ ಬಂದ ನಮ್ಮವರೆಲ್ಲ ಹೇಳುವ ಐದು ವರ್ಷ ಅದು. ಈಗ ಕಂತು ತಿಂಗಳಿಗೆ ಏಳುನೂರು ಡಾಲರ್ ಏರಿದೆ. ಅವನ ಬಾಯಲ್ಲಿ ಒಂದೇ ಮಾತು: “ಮಾರಿಬಿಡೂಣು, ಜಯಾ.”

ಮಾರುವುದಿಲ್ಲ. ಸೋಮವಾರವೇ ಮೂವತ್ತು ವರ್ಷ ಬಡ್ಡಿ ಬದಲಾಗದ ಸಾಲಕ್ಕೆ ಅಪ್ಲೈ ಮಾಡುತ್ತೇನೆ. ಅದೇನೂ ಅಗ್ಗವಲ್ಲ, ಶನಿವಾರವೂ ಕ್ಲಿನಿಕ್‌ಗೆ ಹೋಗಿ ದುಡಿಯುತ್ತೇನೆ. ವೀರೇಶನನ್ನು ಚುಚ್ಚುವುದು ದುಡ್ಡಲ್ಲ, ಆ ಮೂವತ್ತು. ಸಹಿ ಹಾಕಿದರೆ ಹುಬ್ಬಳ್ಳಿಗೆ ಮರಳುವುದಿಲ್ಲ ಎಂದು ಬರೆದುಕೊಟ್ಟಂತೆ. ಬರೆದುಕೊಡಲಿ. ನಾನಂತೂ ಎಂದೋ ಒಪ್ಪಿಕೊಂಡೆ.

ಸಂಜೆ ಆ ರಂಗೋಲಿಯನ್ನು ನಾನೇ ಗುಡಿಸಿದೆ. ಮಾರಲು ಒಪ್ಪಿದೆ ಎಂದುಕೊಂಡ ವೀರೇಶನ ಮುಖ ಅರಳಿತು. ಆಮೇಲೆ ಗ್ಯಾರೇಜಿನಿಂದ ಬಿಳಿ ಪೇಂಟ್ ಡಬ್ಬ ತಂದು, ಅದೇ ಜಾಗದಲ್ಲಿ ಬ್ರಷ್ಷಿನಿಂದ ಚುಕ್ಕಿ ಇಟ್ಟು ಗೆರೆ ಎಳೆದೆ. ಹದಿಮೂರು ಸಾಲು. ಸೊಂಟ ಬಿದ್ದುಹೋಗಿದೆ.

ಪೇಂಟ್ ಇನ್ನೂ ಹಸಿ. ಈಗಷ್ಟೇ ಹೊರಗೆ ಹೋದ ವೀರೇಶ ಪಂಚೆ ಎತ್ತಿ ಹಿಡಿದು, ಒಂದು ಗೆರೆಯನ್ನೂ ತುಳಿಯದೆ ದಾಟಿದ.